ಹಿಂದಿನ ಮೈದಾನದ ಹುಲ್ಲು ಮತ್ತು ಕೇರೆ ಹಾವಿನ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಹಿಂದಿನ ಮೈದಾನದ ಮೂಲೆಯಲ್ಲಿ ಹುಲ್ಲು ಕೊಯ್ಯದೆ ಬಿಟ್ಟಿರುವುದು, ಕಳೆದ ವಾರ ಕಾಂಪೌಂಡಿನೊಳಗೆ ಹಾವು ಕಾಣಿಸಿಕೊಂಡಿದ್ದು, ಇವೆರಡರ ಬಗ್ಗೆ ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ. ಕೆಲವರು ಕಚೇರಿಗೇ ಬಂದಿದ್ದೀರಿ. "ಓದಲಿಕ್ಕೆ ಕಳಿಸಿದರೆ ಹುಲ್ಲು ಎಣಿಸಲಿಕ್ಕೆ ಹಚ್ಚಿದ್ದೀರಿ" ಎಂಬ ಮಾತೂ ಬಂತು. ಮಕ್ಕಳ ವಿಷಯ, ಆತಂಕ ಸಹಜ. ಆದರೂ ಆ ಹುಲ್ಲನ್ನು ಈಗಲೇ ಕೊಯ್ಯಿಸುವುದಿಲ್ಲ. ಯಾಕೆಂದು ವಿವರವಾಗಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಹಾವಿನ ವಿಷಯ. ಅದು ಕೇರೆ ಹಾವು, ವಿಷವಿಲ್ಲ. ಕಂಡದ್ದು ಹುಲ್ಲಿನಲ್ಲಲ್ಲ, ಅಡುಗೆ ಕೋಣೆಯ ಹಿಂದೆ ಕೈತೊಳೆಯುವ ಕಟ್ಟೆಯ ಹತ್ತಿರ. ಬಿಸಿಯೂಟ ಮುಗಿದ ಮೇಲೆ ತಟ್ಟೆ ತೊಳೆದ ಅನ್ನದಗುಳು ಅಲ್ಲಿಯ ಚರಂಡಿಯಲ್ಲಿ ನಿಲ್ಲುತ್ತಿತ್ತು. ಅದಕ್ಕೆ ಇಲಿ ಬಂತು, ಇಲಿಗೆ ಕೇರೆ ಬಂತು. ಇಲಿ ಬಸಿರಾಗಿ ಮರಿ ಹಾಕಲು ಸುಮಾರು ಮೂರು ವಾರ ಸಾಕು, ಒಂದು ಸೂಲಿಗೆ ಆರೆಂಟು ಮರಿ, ಆ ಮರಿಗಳೂ ಎರಡು ಮೂರು ತಿಂಗಳಲ್ಲಿ ಮರಿ ಹಾಕುವಷ್ಟಾಗುತ್ತವೆ. ಲೆಕ್ಕದ ಪ್ರಕಾರ ಈ ಹೊತ್ತಿಗೆ ಊರೆಲ್ಲ ಇಲಿಯೇ ಇರಬೇಕು. ಹಾಗಾಗುವುದಿಲ್ಲ. ಊಟ, ಅಡಗಲು ಜಾಗ, ಹಿಡಿದು ತಿನ್ನುವ ಶತ್ರು, ಇವು ಸಂಖ್ಯೆಯನ್ನು ಒಂದು ಮಟ್ಟದಲ್ಲಿ ಹಿಡಿದಿಡುತ್ತವೆ. ಆ ಜಾಗ ಎಷ್ಟು ಜೀವಿಗಳನ್ನು ಸಾಕಬಲ್ಲದೋ ಅದೇ ಅದರ ಧಾರಣ ಸಾಮರ್ಥ್ಯ. ಚರಂಡಿಯ ಅನ್ನ ಆ ಮಟ್ಟವನ್ನು ಮೇಲೆತ್ತಿತ್ತು. ಇಲಿ ಬಿಟ್ಟು ಹಾವೊಂದನ್ನೇ ಹೊಡೆದಿದ್ದರೆ ಇಲಿ ಇನ್ನಷ್ಟು ಹೆಚ್ಚಿ, ಮುಂದಿನ ಸಲ ಅದೇ ವಾಸನೆ ಹಿಡಿದು ನಾಗರಹಾವೇ ಬರಬಹುದಿತ್ತು.

ಚರಂಡಿಯ ತಪ್ಪು ಶಾಲೆಯದು, ಒಪ್ಪಿಕೊಳ್ಳುತ್ತೇನೆ. ಈಗ ಅದರ ಬಾಯಿಗೆ ಜಾಲರಿ ಹಾಕಿಸಿದ್ದೇವೆ. ಉಳಿದ ಅನ್ನ ಮುಚ್ಚಳವಿರುವ ಡ್ರಮ್ಮಿಗೆ ಹೋಗುತ್ತದೆ, ಬಿಲಗಳನ್ನು ಕಲ್ಲು ಮಣ್ಣು ತುಂಬಿ ಮುಚ್ಚಿಸಿದ್ದೇವೆ.

ಇನ್ನು ಹುಲ್ಲು. ಅದು 20 ಮೀಟರ್ ಉದ್ದ, 15 ಮೀಟರ್ ಅಗಲದ ತುಂಡು, ಅಂದರೆ 300 ಚದರ ಮೀಟರ್. ಎಂಟು, ಒಂಬತ್ತನೇ ತರಗತಿಯವರು ಶನಿವಾರ ಬೆಳಿಗ್ಗೆ ಅಲ್ಲಿ ಗಿಡ ಎಣಿಸುತ್ತಾರೆ. ಮುಕ್ಕಾಲು ಇಂಚಿನ ಪಿವಿಸಿ ಪೈಪಿನ ನಾಲ್ಕು ತುಂಡಿಗೆ ನಾಲ್ಕು ಎಲ್ಬೋ ಸಿಕ್ಕಿಸಿದರೆ ಒಂದು ಮೀಟರ್ ಚೌಕಟ್ಟಾಗುತ್ತದೆ. ಅದನ್ನು ಎಲ್ಲಿಡಬೇಕೆಂದು ಚೀಟಿ ಎತ್ತಿಯೇ ತೀರ್ಮಾನ: ಒಂದು ಚೀಟಿ ಉದ್ದಕ್ಕೆ, ಒಂದು ಅಗಲಕ್ಕೆ. ಮಕ್ಕಳ ಕೈಗೆ ಬಿಟ್ಟರೆ ಹೂ ಇರುವಲ್ಲೇ ಇಡುತ್ತಾರೆ, ಲೆಕ್ಕ ಉಬ್ಬುತ್ತದೆ. ಎಡ ಮತ್ತು ಕೆಳಗಿನ ಪೈಪಿಗೆ ತಾಗಿದ ಗಿಡವನ್ನು ಸೇರಿಸಬೇಕು, ಬಲ ಮತ್ತು ಮೇಲಿನದಕ್ಕೆ ತಾಗಿದ್ದನ್ನು ಬಿಡಬೇಕು. ಹತ್ತು ಕಡೆ ಇಟ್ಟಾಗ ಒಟ್ಟು 46 ತುಂಬೆ ಗಿಡ ಸಿಕ್ಕರೆ ಚದರ ಮೀಟರಿಗೆ 4.6, ಇಡೀ ತುಂಡಿಗೆ 1,380. ಗರಿಕೆಗೆ ಈ ಲೆಕ್ಕ ನಡೆಯುವುದಿಲ್ಲ. ಅದು ಹಬ್ಬುತ್ತ ಗೆಣ್ಣುಗೆಣ್ಣಿಗೆ ಬೇರೂರುವುದರಿಂದ ಒಂದು ಗಿಡ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಗೊತ್ತಾಗದು. ಅದಕ್ಕೆ ಚೌಕಟ್ಟಿಗೆ 10 ಸೆಂ.ಮೀ.ಗೊಂದು ದಾರ ಕಟ್ಟಿ, ನೂರು ಮನೆಗಳಲ್ಲಿ ಎಷ್ಟು ಮನೆ ಮುಚ್ಚಿದೆ ಎಂದು ಬರೆದುಕೊಳ್ಳುತ್ತಾರೆ.

ಓಡಾಡುವ ಜೀವಿಗೆ ಬೇರೆ ಉಪಾಯ ಬೇಕು. ತರಗತಿಯಲ್ಲಿ ಹುಣಸೆ ಬೀಜದಿಂದ ಕಲಿಸುತ್ತೇವೆ: ಮಡಕೆಯಿಂದ 40 ಬೀಜ ತೆಗೆದು ನೇಲ್ ಪಾಲಿಶ್ ಚುಕ್ಕೆ ಇಟ್ಟು ವಾಪಸ್ ಹಾಕಿ ಕಲಸುವುದು, ಮತ್ತೆ 50 ತೆಗೆಯುವುದು. ಅದರಲ್ಲಿ 10ಕ್ಕೆ ಚುಕ್ಕೆ ಇದ್ದರೆ 40 ಗುಣಿಸು 50, ಭಾಗಿಸು 10, ಒಟ್ಟು 200 ಬೀಜ. ಮಿಡತೆಗೂ ಇದೇ ಲೆಕ್ಕ, ಆದರೆ ಚುಕ್ಕೆ ಹೊಳೆಯುವಂತಿದ್ದರೆ ಗೊರವಂಕ ಅವನ್ನೇ ಆರಿಸಿ ತಿನ್ನುತ್ತದೆ. ಎರಡನೇ ಸಲ ಚುಕ್ಕೆಯವು ಕಡಿಮೆ ಸಿಕ್ಕಿ, ಇಲ್ಲದ ಮಿಡತೆಗಳೂ ಲೆಕ್ಕಕ್ಕೆ ಬರುತ್ತವೆ. 2022ರ ಗಣತಿಯಲ್ಲಿ ಕರ್ನಾಟಕದ ಹುಲಿ 563 ಎಂದು ಅಂದಾಜಿಸಿದ್ದೂ ಮೂಲದಲ್ಲಿ ಇದೇ ತತ್ವದಿಂದ. ಅಲ್ಲಿ ಚುಕ್ಕೆಯ ಬದಲು ಕ್ಯಾಮೆರಾದಲ್ಲಿ ಸಿಕ್ಕ ಪಟ್ಟೆಗಳನ್ನು ಗುರುತು ಹಿಡಿಯುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಕ್ಕೆ ಇದರಿಂದೇನು ಎಂದು ಕೇಳಿದವರಿಗೆ: ಆಹಾರ ಸರಪಳಿ, ಅದರ ಒಂದು ಹಂತದ ಶಕ್ತಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಮುಂದಿನ ಹಂತಕ್ಕೆ ಸೇರುತ್ತದೆ ಎಂಬ ಶೇ. 10ರ ನಿಯಮ, ಎಲ್ಲ ಹತ್ತನೇ ತರಗತಿಯ ವಿಜ್ಞಾನದಲ್ಲೇ ಇದೆ.

ಕೊಯ್ದ ಮೇಲೂ ಎಣಿಸಬಹುದಲ್ಲ ಎಂದು ಒಬ್ಬ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ಹುಲ್ಲಿನ ಚಿಗುರು ಬುಡದಲ್ಲಿರುತ್ತದೆ. ಹಾಗಾಗಿಯೇ ದನ ಮೇಯ್ದರೂ ಬೆಂಕಿ ಬಿದ್ದರೂ ಅದು ಮತ್ತೆ ಬರುತ್ತದೆ. ಆದರೆ ವರ್ಷಕ್ಕೊಮ್ಮೆ ಬೀಜದಿಂದಲೇ ಹುಟ್ಟಿ ಸಾಯುವ ಹುಲ್ಲುಗಳನ್ನು ಬೀಜ ಉದುರುವ ಮೊದಲೇ ಕೊಯ್ದರೆ, ಕೆಲವು ವರ್ಷದಲ್ಲಿ ಗರಿಕೆಯಂಥವಷ್ಟೇ ಉಳಿಯಬಹುದು. ಹಿಂಗಾರು ಮುಗಿದು ಬೀಜ ಉದುರಿದ ಮೇಲೆ, ಡಿಸೆಂಬರಿನಲ್ಲಿ, ಖಂಡಿತ ಕೊಯ್ಯಿಸುತ್ತೇವೆ. ಅಲ್ಲಿಯವರೆಗೆ ಮಾತ್ರ ಸಹಕರಿಸಿ.

ಅದು ಪಾಳು ಜಾಗವಲ್ಲ ಎಂಬುದನ್ನೂ ಹೇಳಲೇಬೇಕು. ಪುಸ್ತಕದಲ್ಲಿ ಟಂಡ್ರಾ, ಸವನ್ನಾ, ಮರುಭೂಮಿ ಎಂದು ಓದುವ ಮಕ್ಕಳಿಗೆ ಜೀವವಲಯ, ಅಂದರೆ ಹವಾಮಾನಕ್ಕೆ ತಕ್ಕ ಗಿಡ, ಪ್ರಾಣಿಗಳಿರುವ ದೊಡ್ಡ ಪ್ರದೇಶ, ಪರದೇಶದ ವಸ್ತು. ಮಳೆ ಎಷ್ಟು, ಸೆಕೆ ಎಷ್ಟು ಎಂದು ಹೇಳಿದರೆ ಅಲ್ಲಿ ಏನು ಬೆಳೆಯುತ್ತದೆಂದು ಹೆಚ್ಚುಕಡಿಮೆ ಊಹಿಸಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ನಿತ್ಯಹಸಿರು ಕಾಡು. ಅಲ್ಲಿಂದ ನೇರ ಗೆರೆ ಎಳೆದರೆ ಇನ್ನೂರು ಕಿಲೋಮೀಟರ್ ಒಳಗೇ ನಮ್ಮ ಚಳ್ಳಕೆರೆ. ಘಟ್ಟ ಮೋಡವನ್ನು ಹಿಂಡಿಬಿಟ್ಟು ನಮಗೆ ಉಳಿಸುವುದು 500 ಮಿ.ಮೀ. ಆಸುಪಾಸು. ಇಷ್ಟು ಮಳೆಗೆ, ಇಷ್ಟುದ್ದ ಬೇಸಿಗೆಗೆ ಹುಲ್ಲು, ಮಧ್ಯೆ ಅಲ್ಲಲ್ಲಿ ಜಾಲಿ, ಕುರುಚಲು, ಇದೇ ಇಲ್ಲಿಯ ಸಹಜ ಸಸ್ಯವರ್ಗ. ಅಮೃತಮಹಲ್ ತಳಿಯ ದನಗಳಿಗೆ ಮೀಸಲಾದ ಹುಲ್ಲುಗಾವಲಾದ ಅಮೃತಮಹಲ್ ಕಾವಲಿನಲ್ಲಿ ದನ ಮೇಯಿಸಿದ ಮನೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಕಾಂಗ್ರೆಸ್ ಗಿಡದ ಅಲರ್ಜಿ ಬಗ್ಗೆ ಕೇಳಿದ ತಾಯಂದಿರಿಗೆ: ಅದನ್ನು ಬಿಟ್ಟಿಲ್ಲ. ಮಳೆ ಬಿದ್ದ ಮಾರನೇ ದಿನ, ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡ ಸಿಬ್ಬಂದಿ ಬೇರುಸಹಿತ ಕೀಳುತ್ತಾರೆ. ಮಕ್ಕಳು ಮುಟ್ಟುವುದಿಲ್ಲ.

ಮತ್ತೆ ಹಾವಿಗೇ ಬರುತ್ತೇನೆ, ನಿಮ್ಮ ಮನಸ್ಸಿನಲ್ಲಿರುವುದು ಅದೇ ಎಂದು ಗೊತ್ತು. ಹಾವು ಬರುವುದೇ ಇಲ್ಲ ಎಂದು ಬರೆದುಕೊಡಲು ಆಗುವುದಿಲ್ಲ. ಹುಲ್ಲು ಪೂರ್ತಿ ಕೊಯ್ದರೂ ಆಗುವುದಿಲ್ಲ, ಕಲ್ಲುಗುಡ್ಡದ ಸೀಮೆ ನಮ್ಮದು, ವಿಷದ ಮಂಡಲದ ಹಾವುಗಳೂ ಇವೆ. ಕೈಲಾದದ್ದನ್ನು ಮಾಡಿದ್ದೇವೆ. ತುಂಡಿನ ಸುತ್ತ ಎರಡು ಮೀಟರ್, ನಡುವೆ ಒಂದು ಮೀಟರ್ ದಾರಿಯನ್ನು ಪ್ರತಿ ವಾರ ಬೋಳಾಗಿ ಸವರುತ್ತೇವೆ. ಮಕ್ಕಳು ಇಳಿಯುವ ಮೊದಲು ಶಿಕ್ಷಕರು ಕೋಲಿನಿಂದ ನೆಲ ಬಡಿಯುತ್ತ ಒಂದು ಸುತ್ತು ಹಾಕುತ್ತಾರೆ. ಕಲ್ಲು ಎತ್ತುವಂತಿಲ್ಲ, ಬಿಲಕ್ಕೆ ಕೈ ಹಾಕುವಂತಿಲ್ಲ. ಅಕಸ್ಮಾತ್ ಕಚ್ಚಿದರೆ ಮಗುವನ್ನು ನಡೆಸುವುದಿಲ್ಲ, ದಾರ ಬಿಗಿಯುವುದಿಲ್ಲ, ಕೊಯ್ಯುವುದಿಲ್ಲ, ನೇರ ತಾಲ್ಲೂಕು ಆಸ್ಪತ್ರೆಗೆ. ಗಿಡ ಎಣಿಸುವ ಆ ಒಂದು ಗಂಟೆ ವಾಹನವೊಂದು ಗೇಟಿನಲ್ಲೇ ನಿಂತಿರುತ್ತದೆ. ಇಷ್ಟಾದರೂ ನಿಮಗೆ ಧೈರ್ಯವಿಲ್ಲದಿದ್ದರೆ ನಿಮ್ಮ ಮಗು ತರಗತಿಯಲ್ಲೇ ಹುಣಸೆ ಬೀಜದ ಲೆಕ್ಕ ಮಾಡಲಿ, ಅದರಿಂದ ಅಂಕ ಕಡಿಮೆಯಾಗುವುದಿಲ್ಲ.

ಶನಿವಾರ ಬಿಳಿ ಯೂನಿಫಾರ್ಮ್ ಬೇಡ, ಹಳೆಯ ಫುಲ್ ಪ್ಯಾಂಟು ಮತ್ತು ಶೂ ಹಾಕಿಸಿ ಕಳಿಸಿ, ಒಪ್ಪಿಗೆ ಚೀಟಿಗೆ ಸಹಿ ಮಾಡಿ ಗುರುವಾರದೊಳಗೆ ಕೊಡಿ.

ಸಾಕ್ಸಿಗೆ ಚುಚ್ಚಿಕೊಂಡು ಬರುವ ಊಬನ್ನು (ಹುಲ್ಲಿನ ಬೀಜದ ಚೂಪು ಮುಳ್ಳನ್ನು) ಒಗೆಯುವ ಮೊದಲೇ ಕಿತ್ತುಬಿಡಿ. ನೀರು ಬಿದ್ದರೆ ಅದು ತಿರುಗುತ್ತ ಇನ್ನಷ್ಟು ಒಳಗೆ ಹೋಗುತ್ತದೆ. ಕಿತ್ತದ್ದನ್ನು ಕಾಗದದಲ್ಲಿ ಕಟ್ಟಿ ಮಗುವಿನ ಕೈಲಿ ಕಳಿಸಿದರೆ, ಬೀಜ ಹರಡುವ ಪಾಠಕ್ಕೆ ನಮಗೆ ಬೇಕು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು