ಸೂತ್ರ ಆಮೇಲೆ, ಮೊದಲು ಪ್ರಶ್ನೆ ನೋಡು

ಪ್ರೀತಿಯ ಪುಟ್ಟಿಗೆ,

ದಾವಣಗೆರೆಯಿಂದ ನಿನ್ನ ಮಾಮ ಮಾಡುವ ಆಶೀರ್ವಾದಗಳು.

ಒಂಬತ್ತನೇ ಕ್ಲಾಸಿನ ಫಿಸಿಕ್ಸ್ ಲೆಕ್ಕ ಅಂದರೆ ನೀನು ಹೆದರುತ್ತೀಯ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಸೂತ್ರಗಳೆಲ್ಲ ಬಾಯಿಪಾಠ ಇವೆಯಂತೆ, ಆದರೂ ಉತ್ತರ ಬರುವುದಿಲ್ಲವಂತೆ. ಹಾಗಿದ್ದರೆ ಸೂತ್ರವನ್ನು ಇನ್ನಷ್ಟು ಉರು ಹೊಡೆದು ಪ್ರಯೋಜನ ಇಲ್ಲ. ಪ್ರಶ್ನೆ ಓದಿದ ಕೂಡಲೇ ಸೂತ್ರಕ್ಕೆ ಕೈ ಹಾಕಬೇಡ. ಅಲ್ಲಿ ಏನು ನಡೆಯುತ್ತಿದೆ ಅಂತ ಒಂದು ಸಣ್ಣ ಚಿತ್ರ ಗೀಚಿಕೋ, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ಏಕಮಾನದ ಸಮೇತ ಪಕ್ಕದಲ್ಲಿ ಬರೆ.

ಹಿರಿಯೂರಿನಿಂದ ಇಲ್ಲಿಗೆ ಬರುವ ಬಸ್ಸನ್ನೇ ತಗೋ. ಹೈವೇಯಲ್ಲಿ ಗಂಟೆಗೆ 72 ಕಿ.ಮೀ. ವೇಗದಲ್ಲಿದೆ. ಡ್ರೈವರ್ ಬ್ರೇಕ್ ಒತ್ತಿದ, ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 4 ಮೀಟರ್‌ನಷ್ಟು ಇಳಿಯುತ್ತಿದೆ. ಎಷ್ಟು ದೂರ ಹೋಗಿ ನಿಲ್ಲುತ್ತದೆ? ಪ್ರಶ್ನೆಯಲ್ಲಿ ಸಮಯದ ಮಾತೇ ಇಲ್ಲ ಅಲ್ವಾ, ಹಾಗಾಗಿ ಸಮಯ ಇಲ್ಲದ ಸಮೀಕರಣವೇ ಸಾಕು: ಮೊದಲಿನ ವೇಗದ ವರ್ಗವನ್ನು ವೇಗೋತ್ಕರ್ಷದ (ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಅನ್ನುವುದು, ಇಲ್ಲಿ 4) ಎರಡರಷ್ಟರಿಂದ ಭಾಗಿಸಬೇಕು. 72 ಅನ್ನು ಹಾಗೇ ಹಾಕಿದರೆ 648 ಮೀಟರ್ ಬರುತ್ತದೆ. ಇಲ್ಲಿ ನಿಲ್ಲು. ಬ್ರೇಕ್ ಒತ್ತಿದ ಬಸ್ಸು ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಓಡುವುದನ್ನು ನೀನು ನೋಡಿದ್ದೀಯಾ? ಇಲ್ಲ ತಾನೇ, ಅಂದರೆ ಏಕಮಾನ ತಪ್ಪಿದೆ. ಗಂಟೆಗೆ ಕಿ.ಮೀ. ಇದ್ದದ್ದನ್ನು ಸೆಕೆಂಡಿಗೆ ಮೀಟರ್ ಮಾಡಲು 72 ಅನ್ನು 5ರಿಂದ ಗುಣಿಸಿ 18ರಿಂದ ಭಾಗಿಸು, ಸೆಕೆಂಡಿಗೆ 20 ಮೀಟರ್ ಆಯಿತು. 400ನ್ನು 8ರಿಂದ ಭಾಗಿಸಿದರೆ 50 ಮೀಟರ್. ಇದನ್ನು ನಂಬಬಹುದು. ಈಗ ಅದೇ ಬಸ್ಸಿನ ವೇಗ ಅರ್ಧ ಮಾಡಿ ನೋಡು, 12.5 ಮೀಟರಿಗೇ ನಿಲ್ಲುತ್ತದೆ. ದೂರ ಅರ್ಧ ಆಗಲಿಲ್ಲ, ಕಾಲು ಭಾಗ ಆಯಿತು, ಯಾಕೆಂದರೆ ಚಲನಶಕ್ತಿ, ಅಂದರೆ ಓಡುವ ವಸ್ತುವಿನಲ್ಲಿರುವ ಶಕ್ತಿ, ಏರುವುದು ವೇಗದ ವರ್ಗದ ಲೆಕ್ಕದಲ್ಲಿ, ಅಷ್ಟೂ ಶಕ್ತಿ ಬ್ರೇಕಿನಲ್ಲಿ ಶಾಖವಾಗಿ ಹೋಗಬೇಕು. ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು.

ಶಕ್ತಿಯ ಲೆಕ್ಕದಲ್ಲಿ ಕೇಳಬೇಕಾದದ್ದು ಎರಡೇ: ಶಕ್ತಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ದುರ್ಗದ ಕೋಟೆಯ ಗೋಡೆ ಮೇಲಿಂದ 2 ಕೆ.ಜಿ. ಕಲ್ಲು 20 ಮೀಟರ್ ಕೆಳಕ್ಕೆ ಬಿತ್ತು ಅಂತ ಇಟ್ಟುಕೋ. ಗಾಳಿಯ ತಡೆ ಬಿಟ್ಟರೆ ಪ್ರಚ್ಛನ್ನಶಕ್ತಿಯೆಲ್ಲ (ಎತ್ತರದಲ್ಲಿರುವುದರಿಂದ ಕಲ್ಲಿಗೆ ಇರುವ ಶಕ್ತಿ) ಚಲನಶಕ್ತಿ ಆಗುತ್ತದೆ. ಅಂಕಿ ಹಾಕಲು ಅವಸರ ಬೇಡ. ಅಕ್ಷರದಲ್ಲೇ ಬರೆದರೆ ದ್ರವ್ಯರಾಶಿ ಎರಡೂ ಕಡೆ ಹೊಡೆದು ಹೋಗುತ್ತದೆ, ಆ 2 ಕೆ.ಜಿ. ಬೇಕಾಗುವುದೇ ಇಲ್ಲ. ಗುರುತ್ವ ವೇಗೋತ್ಕರ್ಷ 10 ಅಂತ ಹಿಡಿದರೆ ಸೆಕೆಂಡಿಗೆ 20 ಮೀಟರ್, ಅಂದರೆ ಆ ಬಸ್ಸಿನ ವೇಗವೇ! ಮೇಲಿಂದ ಕಲ್ಲು ಎಸೆಯಬೇಡ ಅಂತ ದೊಡ್ಡವರು ಬೈಯುವುದು ಸುಮ್ನೆ ಅಲ್ಲ.

ಶಾಖದ ಲೆಕ್ಕದಲ್ಲಿ ಹಂತ ನುಂಗಬೇಡ, ಅಷ್ಟೇ. ಅರ್ಧ ಕೆ.ಜಿ. ಐಸು 0 ಡಿಗ್ರಿಯಿಂದ 20 ಡಿಗ್ರಿ ನೀರಾಗಬೇಕು. ಕರಗಲು ಸುಮಾರು 1,67,000 ಜೂಲ್, ಆಮೇಲೆ ಬೆಚ್ಚಗಾಗಲು 42,000 ಜೂಲ್. ಕರಗುವಾಗ ಉಷ್ಣತೆ ಏರುವುದಿಲ್ಲ, ಹಾಗಾಗಿ ಮಕ್ಕಳು ಆ ಹಂತವನ್ನೇ ಮರೆಯುತ್ತಾರೆ, ಜಾಸ್ತಿ ಶಾಖ ಬೇಕಾಗುವುದು ಮಾತ್ರ ಅಲ್ಲೇ.

ದಿನಕ್ಕೆ ಎರಡು ಲೆಕ್ಕ ಸಾಕು, ಆದರೆ ಪೂರ್ತಿ ಮಾಡು. ಪುಟದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸು. ತಪ್ಪಾದದ್ದನ್ನು ಅಳಿಸಬೇಡ, ಎಲ್ಲಿ ಎಡವಿದ್ದೀಯ ಅಂತ ನನಗೆ ಗೊತ್ತಾಗುವುದು ಅದರಿಂದಲೇ.

ಇಂತಿ,
ನಿನ್ನ ಮಾಮ