ಸೇಫ್ಟಿ ಸರ್ಟಿಫಿಕೇಟ್ ಇದ್ದರೆ ಇನ್ಸ್‌ಪೆಕ್ಟರ್ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ಪ್ಲಸ್ ಟು ಫಲಿತಾಂಶ ಬಂದರೆ ಸಾಕು, ಕಾಸರಗೋಡಿನ ಪೆರ್ಲ, ಬದಿಯಡ್ಕ, ಉಪ್ಪಳದ ಕಡೆ ಗೋಡೆಗೋಡೆಗೂ ಸೇಫ್ಟಿ ಕೋರ್ಸಿನ ಪೋಸ್ಟರ್. ‘ಆರು ತಿಂಗಳಲ್ಲಿ ಬಿಲ್ಡಿಂಗ್ ಸೇಫ್ಟಿ ಇನ್ಸ್‌ಪೆಕ್ಟರ್, ಕೆಲಸ ಗ್ಯಾರಂಟಿ’ ಎಂಬ ಒಕ್ಕಣೆ. ಅಬುಧಾಬಿಯ ಸೈಟುಗಳಲ್ಲಿ ಸೇಫ್ಟಿ ಆಫೀಸರನಾಗಿ ದುಡಿದು ಊರಿಗೆ ಮರಳಿದವನು ನಾನು. ‘ಮಾವ, ಇದಕ್ಕೆ ಸೇರಲಾ?’ ಎಂದು ಕೇಳಿಕೊಂಡು ಬರುವ ಮಕ್ಕಳಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇನ್ಸ್‌ಪೆಕ್ಟರ್ ಎಂದರೆ ಸರಕಾರಿ ಹುದ್ದೆ. ಕೇರಳದ ಫ್ಯಾಕ್ಟರೀಸ್ ಆಂಡ್ ಬಾಯ್ಲರ್ಸ್ ಇಲಾಖೆಯ ಇನ್ಸ್‌ಪೆಕ್ಟರ್ ಆಗಲು ಇಂಜಿನಿಯರಿಂಗ್ ಪದವಿ ಬೇಕು, ಪಿಎಸ್‌ಸಿ (ಲೋಕಸೇವಾ ಆಯೋಗದ ಪರೀಕ್ಷೆ) ಬರೆಯಬೇಕು. ಪಂಚಾಯತಿನ ಓವರ್ಸಿಯರ್ ಆಗಲು ಐಟಿಐ ಡ್ರಾಫ್ಟ್ಸ್‌ಮನ್ ಸಿವಿಲ್ ಅಥವಾ ಡಿಪ್ಲೊಮಾ, ಅದಕ್ಕೂ ಪಿಎಸ್‌ಸಿಯೇ. ಯಾವ ಖಾಸಗಿ ಕೋರ್ಸೂ ಈ ಅಧಿಕಾರ ಕೊಡುವುದಿಲ್ಲ.

ಸೇಫ್ಟಿ ಆಫೀಸರ್ ಬೇರೆ, ಆತ ಕಂಪೆನಿಯ ನೌಕರ. ನೆಬೋಷ್ ಬ್ರಿಟನ್ನಿನ ಸೇಫ್ಟಿ ಸರ್ಟಿಫಿಕೇಟ್. ಗಲ್ಫಿನಲ್ಲಿ ಅದಕ್ಕೆ ಬೆಲೆ ಇದೆ, ನನಗೂ ಅನ್ನ ಕೊಟ್ಟಿದೆ. ಆದರೆ ಇಲ್ಲಿನ ಕಾನೂನು ಹೇಳುವ ಹುದ್ದೆಗೆ ಸರಕಾರ ಒಪ್ಪಿದ ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ ಬೇಕು. ಮುಂಬಯಿಯ ಸಯನ್‌ನಲ್ಲಿರುವ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್, ಚೆನ್ನೈಯ ರೀಜನಲ್ ಲೇಬರ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಅದು ಒಂದು ವರ್ಷದ ಓದು. ಪ್ಲಸ್ ಟು ಮುಗಿಸಿ ನೇರ ಸೇರುವಂಥದ್ದಲ್ಲ. ಕೆಲಸ ಹೆಚ್ಚುತ್ತದೆ ಎಂಬುದೇನೋ ನಿಜ. ಕಟ್ಟಡ ಕೆಲಸಕ್ಕೆ ಮೊದಲು 500 ಮಂದಿ ಇದ್ದರೆ ಸೇಫ್ಟಿ ಆಫೀಸರ್ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೆಲಸದ ಸ್ಥಳದ ಸುರಕ್ಷತೆಯ ಹೊಸ ಕೇಂದ್ರ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ.

ನನ್ನ ತಕರಾರು ಬೇರೆಯೇ ಇದೆ. ನಮ್ಮೂರಿನಲ್ಲಿ 250 ಮಂದಿ ಸೇರುವ ಸೈಟ್ ಎಷ್ಟಿದೆ? ಇಲ್ಲಿ ಏಳುವುದು ಮನೆಗಳು, ಕೆಲಸಕ್ಕೆ ಒಬ್ಬ ಮೇಸ್ತ್ರಿ, ನಾಲ್ಕೈದು ಅತಿಥಿ ಕಾರ್ಮಿಕರು. 300 ಚದರ ಮೀಟರಿನೊಳಗಿನ ಸಣ್ಣ ಮನೆಗಳಿಗೆ ಈಗ ಸ್ವಯಂ ದೃಢೀಕರಣದ ಮೇಲೆಯೇ ಪರ್ಮಿಟ್ ಸಿಗುತ್ತದೆ. ಒಳ್ಳೆಯದೇ, ಕಚೇರಿ ಅಲೆದಾಟ ತಪ್ಪಿತು. ಆದರೆ ಕೆಲಸ ನಡೆಯುವಾಗ ಬಂದು ನೋಡುವವರು ಯಾರು? ಪ್ಲಾನಿಗೆ ಸಹಿ ಹಾಕಿದ ಲೈಸನ್ಸಿಯೂ (ಪ್ಲಾನ್ ಮಾಡಲು ಲೈಸನ್ಸ್ ಪಡೆದವರು) ಅಸ್ತಿವಾರ ಮುಗಿದ ಮೇಲೆ ಅಪರೂಪ.

ಕಳೆದ ಮಳೆಗಾಲದಲ್ಲಿ ನಮ್ಮ ನೆರೆಯಲ್ಲಿ ಎರಡು ಮಾಳಿಗೆಯ ಮುರಕಲ್ಲಿನ ಮನೆಗೆ ಗಾರೆ ಹಾಕುತ್ತಿದ್ದರು. ಸಾರುವೆ ಪೂರ್ತಿ ಅಡಿಕೆ ಮರದ್ದು, ಕಟ್ಟಿದ್ದು ಹಳೆಯ ಹುರಿಹಗ್ಗದಲ್ಲಿ. ಕಾಲಿಡಲು ಒಂದೇ ಹಲಗೆ, ಕೈಗೆ ಆಸರೆಯಿಲ್ಲ. ಕಂಬ ನಿಂತದ್ದು ಕೆಸರಿನ ಮೇಲೆ. ಏಣಿ ಗೋಡೆಗೆ ಅಂಟಿಕೊಂಡಂತೆ ನೆಟ್ಟಗೆ. ನಾಲ್ಕಡಿ ಎತ್ತರಕ್ಕೆ ಬುಡ ಒಂದಡಿ ಹೊರಗಿರಬೇಕು ಎಂದೆ. ಮೇಸ್ತ್ರಿ ನಕ್ಕ: ‘ಇದು ದುಬಾಯಿ ಅಲ್ಲ ಅಣ್ಣ.’ ಆದರೂ ಏಣಿ ಸರಿಸಿದ, ಕಂಬದ ಬುಡಕ್ಕೆ ಹಲಗೆ ಕೊಟ್ಟ. ಕಾಸು ಖರ್ಚಾಗಲಿಲ್ಲ. ಮೇಲೆ ನಿಂತಿದ್ದ ಬಂಗಾಳದ ಹುಡುಗನಿಗೆ ಹಿಂದಿಯಲ್ಲಿ ಹೇಳಿದ್ದು ಅರ್ಥವಾಯಿತು; ಅವನಿಗೆ ಅದನ್ನು ಯಾರೂ ಹೇಳಿರಲಿಲ್ಲ, ಅಷ್ಟೇ.

ಜಿಲ್ಲೆಯ ಐಟಿಐಗಳು ಮೇಸ್ತ್ರಿಗಳಿಗೂ ಲೈಸನ್ಸಿಗಳಿಗೂ ಇಂಥ ಪಾಠವನ್ನು ಕನ್ನಡ, ಮಲಯಾಳದಲ್ಲಿ ಭಾನುವಾರ ನಡೆಸಲಿ. ಸಾರುವೆಯ ಮೇಲೆ ನಿಲ್ಲುವವರಿಗೆ ಹಿಂದಿಯಲ್ಲೂ ಇರಲಿ. ಪಂಚಾಯತಿನ ಲೈಸನ್ಸಿಗಳು ಗಾರೆ ಕೆಲಸದ ಹೊತ್ತಿಗೆ ಒಮ್ಮೆಯಾದರೂ ಬಂದು ಸಾರುವೆ ನೋಡುವಂತಾಗಲಿ.

ಮಕ್ಕಳ ಹೆತ್ತವರಿಗೆ ಒಂದು ಮಾತು. ಫೀಸು ಕಟ್ಟುವ ಮೊದಲು ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಫ್ಯಾಕ್ಟರೀಸ್ ಆಂಡ್ ಬಾಯ್ಲರ್ಸ್ ಇಲಾಖೆಗೆ ಬರೆದು ಕೇಳಿ. ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತರಾದ ನಮಗೆ ಆ ಹಕ್ಕಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ತಡವಾದರೆ ಇನ್ನೊಂದು ಬರೆಯಿರಿ, ಫೀಸು ಮಾತ್ರ ಅಲ್ಲಿಯವರೆಗೆ ಕಟ್ಟಬೇಡಿ.

– ಗಲ್ಫಿನಿಂದ ಮರಳಿದ ಓದುಗ, ಪೆರ್ಲ, ಕಾಸರಗೋಡು ಜಿಲ್ಲೆ