ಬೆದರಿದ ನಾಯಿಗೆ ಒಪ್ಪುವ ಮನೆ ನೋಡಿ ಕೊಡಿ

ಮಾನ್ಯ ಸಂಪಾದಕರೇ,

ಬೀದಿನಾಯಿಯನ್ನು ಸಾಕಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ದತ್ತು ಪಡೆಯಬಹುದು, ಆದರೆ ಆ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದೆ. ಪಡೆಯುವವರ ಹೊಣೆಯನ್ನು ಕೋರ್ಟ್ ಸ್ಪಷ್ಟಪಡಿಸಿದೆ. ಕೊಡುವವರ ಹೊಣೆಯ ಬಗ್ಗೆ ಈ ಪತ್ರ.

ಆರೋಗ್ಯವಾಗಿರುವ ಮರಿಗಳು ಹೇಗೋ ಹೊಸ ಮನೆಗೆ ಹೊಂದಿಕೊಳ್ಳುತ್ತವೆ. ಕಷ್ಟವಿರುವುದು ಏಟು ತಿಂದು, ವಾಹನಕ್ಕೆ ಸಿಕ್ಕಿ ಅಥವಾ ಸಾಕಿದವರಿಂದಲೇ ಹೊರದೂಡಲ್ಪಟ್ಟು ಆಶ್ರಯ ಕೇಂದ್ರ ಸೇರಿದ, ಮನುಷ್ಯರ ಕೈ ಮೇಲೆದ್ದರೆ ಸಾಕು ಮುದುಡಿಕೊಳ್ಳುವ ದೊಡ್ಡ ನಾಯಿಗಳದು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಮೂರು ತಿಂಗಳವರೆಗಿನ ಅವಧಿಯಲ್ಲಿ ಮನುಷ್ಯರ ಒಡನಾಟವೇ ಸಿಗದೆ ಬೆಳೆದ ನಾಯಿಗಳಲ್ಲೂ ಇಂಥ ಅಂಜಿಕೆ ಕಾಣುತ್ತದೆ. ದತ್ತು ಶಿಬಿರದ ಗದ್ದಲದಲ್ಲಿ ಮೂಲೆ ಹಿಡಿದು ಕುಳಿತ ಅಂಥ ನಾಯಿಯನ್ನು 'ಬಹಳ ಸಾಧು' ಎಂದು ಪರಿಚಯಿಸುವುದನ್ನು ಹಲವು ಸಲ ನೋಡಿದ್ದೇನೆ. ಬಾಲವನ್ನು ಹೊಟ್ಟೆಯಡಿ ಸೇರಿಸಿ, ನಿದ್ದೆಯಿಲ್ಲದೆಯೂ ಆಕಳಿಸುತ್ತ, ಪದೇ ಪದೇ ತುಟಿ ನೆಕ್ಕುತ್ತ ಕುಳಿತ ನಾಯಿ ಸಾಧುವಾಗಿರುವುದಿಲ್ಲ, ಹೆದರಿ ಮರಗಟ್ಟಿರುತ್ತದೆ. ಮನೆಗೆ ಹೋದ ಎರಡನೆಯ ದಿನ ಮಗು ಅದನ್ನು ತಬ್ಬಿಕೊಂಡಾಗ ಅದು ಬಾಯಿ ಹಾಕಿದರೆ, ಅಲ್ಲಿಂದ ಮುಂದೆ ಅದು 'ಕಚ್ಚುವ ನಾಯಿ' ಎನಿಸಿಕೊಂಡು ವಾಪಸು ಬರುತ್ತದೆ, ಇಲ್ಲವೇ ಊರಾಚೆಯ ರಸ್ತೆಯಲ್ಲಿ ಇಳಿಸಲ್ಪಡುತ್ತದೆ.

ಇಂಥ ನಾಯಿಗೆ ಮನೆಯವರ ಪ್ರೀತಿಗಿಂತ ಮೊದಲು ಬೇಕಾಗುವುದು ನೆಮ್ಮದಿ. ಸಣ್ಣ ಮಕ್ಕಳಿಲ್ಲದ, ಬಂದುಹೋಗುವವರು ಕಡಿಮೆ ಇರುವ, ದಿನಚರಿ ಹೆಚ್ಚು ಬದಲಾಗದ ಮನೆ ಅದಕ್ಕೆ ಒಪ್ಪುತ್ತದೆ. ಅಲ್ಲಿ ಈಗಾಗಲೇ ಶಾಂತ ಸ್ವಭಾವದ ಹಿರಿಯ ನಾಯಿಯೊಂದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಈ ಮನುಷ್ಯರನ್ನು ನಂಬಬಹುದೆಂಬುದನ್ನು ನಾಯಿ ಇನ್ನೊಂದು ನಾಯಿಯನ್ನು ನೋಡಿಯೇ ಬೇಗ ಕಲಿಯುತ್ತದೆ. ಲಿಫ್ಟಿನಲ್ಲಿ ಅಪರಿಚಿತರ ಜೊತೆ ದಿನಕ್ಕೆ ನಾಲ್ಕು ಬಾರಿ ಇಳಿದುಹತ್ತಬೇಕಾದ ಏಳನೆಯ ಮಹಡಿಯ ಫ್ಲ್ಯಾಟು, ಸಾಕುವವರು ಎಷ್ಟೇ ಒಳ್ಳೆಯವರಾದರೂ, ಅದಕ್ಕೆ ದಿನವೂ ಪರೀಕ್ಷೆಯೇ. 'ನಮ್ಮದು ದೊಡ್ಡ ತೋಟದ ಮನೆ, ಆರಾಮಾಗಿ ಇರುತ್ತದೆ' ಎಂಬ ಮಾತಿಗಂತೂ ಯಾರೂ ಕೂಡಲೇ ಮರುಳಾಗಬಾರದು. ಹಲವು ತೋಟಗಳಲ್ಲಿ ನಾಯಿ ಎಂದರೆ ಹಗಲೆಲ್ಲ ಸರಪಳಿಯಲ್ಲಿದ್ದು ರಾತ್ರಿ ಬೊಗಳಬೇಕಾದ ಕಾವಲುಗಾರ, ಮಲೆನಾಡಿನ ಅಂಚಿನಲ್ಲಾದರೆ ಚಿರತೆಗೆ ಸುಲಭದ ತುತ್ತು.

ಮೊದಲ ವಾರಗಳಲ್ಲಿ ಹೆಚ್ಚು ಅಪಾಯವಿರುವುದು ಗೇಟಿನ ಬಳಿ. ಹಾಲಿನವರು, ಕೊರಿಯರ್‌ನವರು ಬಂದಾಗ ತೆರೆದ ಗೇಟಿನಿಂದ ನುಸುಳಿ ಓಡಿದ ಬೆದರುನಾಯಿ ಹೆಸರು ಹಿಡಿದು ಕರೆದರೆ ಹಿಂದಿರುಗುವುದಿಲ್ಲ. ಕೊರಳಪಟ್ಟಿಯೊಂದನ್ನೇ ನೆಚ್ಚದೆ ಎದೆಗೂ ಬೆಲ್ಟ್ ಹಾಕಿ ನಡೆಸುವುದನ್ನು ಕೊಡುವವರು ಕೈಯಾರೆ ತೋರಿಸಿಕೊಡಬೇಕು. ಗಣೇಶನ ಹಬ್ಬ, ದೀಪಾವಳಿಗಳ ಹಿಂದುಮುಂದಿನ ದಿನಗಳಲ್ಲಿ ಇಂಥ ನಾಯಿಗಳನ್ನು ಯಾರಿಗೂ ಕೊಡದಿರುವುದೇ ಲೇಸು.

ಕೊಟ್ಟ ಮೇಲೆ ಕಾನೂನು ಕಾಯುತ್ತದೆ ಎಂದುಕೊಳ್ಳುವಂತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ತೊರೆಯುವುದೂ, ತೀರಾ ಗಿಡ್ಡ ಸರಪಳಿಯಲ್ಲಿ ಗಂಟೆಗಟ್ಟಲೆ ಕಟ್ಟಿಹಾಕುವುದೂ ಅಪರಾಧಗಳೇ. ಆದರೆ ಮೊದಲ ತಪ್ಪಿಗೆ ಅದು ವಿಧಿಸುವ ದಂಡ ಹತ್ತರಿಂದ ಐವತ್ತು ರೂಪಾಯಿ! ಆದ್ದರಿಂದ ಎಚ್ಚರವೆಲ್ಲ ಕೊಡುವ ಮೊದಲೇ ಇರಬೇಕು. ಶಿಬಿರದ ದಿನವೇ ನಾಯಿಯನ್ನು ಕಾರಿಗೆ ಹತ್ತಿಸುವ ಬದಲು, ಸಂಬಂಧ ಬೆಳೆಸುವವರು ಎರಡೂ ಕಡೆ ವಿಚಾರಿಸುವ ಹಾಗೆ, ಸ್ವಯಂಸೇವಕರು ಆ ಮನೆಗೆ ಹೋಗಿ ನೋಡಲಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಲಿ. ಹೊಂದದಿದ್ದರೆ ಯಾವಾಗ ಬೇಕಾದರೂ ನಾಯಿಯನ್ನು ನಾವೇ ಹಿಂದಕ್ಕೆ ಪಡೆಯುತ್ತೇವೆಂದು ಬರೆದುಕೊಡಲಿ. ನಡುವೆ ಕೆಲವು ವಾರ ತಾತ್ಕಾಲಿಕ ಮನೆಯೊಂದರಲ್ಲಿ ಇದ್ದು ಬಂದರೆ ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಪೊರಕೆ ಇವುಗಳಲ್ಲಿ ನಾಯಿ ಯಾವುದಕ್ಕೆ ಹೆದರುತ್ತದೆ ಎಂಬುದಾದರೂ ತಿಳಿಯುತ್ತದೆ. ನಗರ ಪಾಲಿಕೆಗಳು ದತ್ತು ಹೋದ ನಾಯಿಗಳ ಸಂಖ್ಯೆಯನ್ನು ಪ್ರಕಟಿಸುವಾಗ, ಆರು ತಿಂಗಳ ಬಳಿಕವೂ ಅದೇ ಮನೆಯಲ್ಲಿರುವ ನಾಯಿಗಳೆಷ್ಟು ಎಂಬುದನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಜೊತೆಗೆ, ಅಂಜುವ ನಾಯಿಗಳಿಗೆಲ್ಲ ಮನೆಯೇ ಬೇಕೆಂದಿಲ್ಲ. ಮನೆಯೊಳಗೆ ನಡುಗುವ ಕೆಲವು ನಾಯಿಗಳು ತಮ್ಮ ಬೀದಿಯಲ್ಲಿ, ತಮಗೆ ಗೊತ್ತಿರುವ ಅಂಗಡಿಯ ಮುಂದೆ, ಅನ್ನ ಹಾಕುವವರ ಕಣ್ಣಳತೆಯಲ್ಲಿ ನಿಶ್ಚಿಂತೆಯಿಂದ ಇರುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ರೇಬಿಸ್ ಲಸಿಕೆ ಹಾಕಿದ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಸ್ಥಳಗಳಲ್ಲಿ ಹಿಡಿದ ನಾಯಿಗಳನ್ನು ಅಲ್ಲಿಗೇ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿರುವುದರಿಂದ ಅವುಗಳಿಗೆ ಈ ದಾರಿಯಿಲ್ಲ. ಒಪ್ಪುವ ಮನೆ ಹುಡುಕುವ ಶ್ರಮವನ್ನು ಮೊದಲು ಅವುಗಳಿಗಾಗಿ ಪಡಬೇಕು.

ಇಂತಿ,
ನಾಯಿಗಳ ದತ್ತು ಕೆಲಸದಲ್ಲಿ ತೊಡಗಿರುವ ಓದುಗರೊಬ್ಬರು, ಮೈಸೂರು